ಕಾಡು ನವಣೆ, ಕಾಡು ಊದಲು, ಕಾಡು ರಾಗಿ: ಯಾವುದರ ಕಾಳು ತಿನ್ನೋಕೆ ಸರಿ?

ತಾನಾಗಿ ಬೆಳೆದ ಈ ಮೂರು ಹುಲ್ಲುಗಳ ಕಾಳನ್ನೂ ಕೂಡಿಸಿ, ಹಸನು ಮಾಡಿ, ಬೇಯಿಸಿ ನೋಡಿದ್ದೇನೆ. ನನ್ನ ಓಟು ಊದಲಿಗೆ. ಆದರೆ ಕುಟ್ಟೋಕೆ ಒನಕೆ, ಒರಳು ಇಲ್ಲದಿದ್ದರೆ ಕಾಡು ರಾಗಿಯೇ ವಾಸಿ.

ಕಾಡು ನವಣೆ ಅಂದರೆ ಸೆಟೇರಿಯಾ ವಿರಿಡಿಸ್. ನಾವು ಬೆಳೆಯುವ ನವಣೆಯ ಮೂಲ ಇದೇ. ಮೂರರಲ್ಲಿ ನೋಡೋಕೆ ಚೆಂದವೂ ಇದೇ. ತೆನೆಯ ತುಂಬ ಕೂದಲಿನಂಥ ಮುಳ್ಳು. ಬುಡದಿಂದ ತುದಿಗೆ ಬೆರಳಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಬಂದರೆ ತರಿತರಿ. ತೆನೆಯನ್ನು ಸವರಿ ಕಿತ್ತರೆ ಆ ಮುಳ್ಳೆಲ್ಲ ಕಾಳಿನ ಜೊತೆ ಬಂದು ಗಂಟಲಿಗೆ ಚುಚ್ಚುತ್ತದೆ. ಅದಕ್ಕೇ ಬಲಿತ ತೆನೆಯನ್ನು ಪಾತ್ರೆಯೊಳಗೆ ಬಗ್ಗಿಸಿ ಸುಮ್ನೆ ತಟ್ಟಬೇಕು. ಕಾಳು ಉದುರುತ್ತದೆ, ಮುಳ್ಳು ಕಡ್ಡಿಯಲ್ಲೇ ಉಳಿಯುತ್ತದೆ. ಆಮೇಲಿನ ಕೆಲಸವೇ ಕಷ್ಟ. ಹೊಟ್ಟು ಗಟ್ಟಿ, ಕಾಳು ಸಣ್ಣದು. ಎಷ್ಟು ಕುಟ್ಟಿದರೂ ಒಂದಷ್ಟು ಸಿಪ್ಪೆಯೊಳಗೇ ಉಳಿದುಬಿಡುತ್ತದೆ.

ಕಾಡು ಊದಲಿಗೆ, ಅಂದರೆ ಎಕಿನೋಕ್ಲೋವಾ ಕೊಲೋನಾಕ್ಕೆ, ಈ ಮುಳ್ಳಿನ ಕಾಟವಿಲ್ಲ. ಹೊಟ್ಟು ಇದಕ್ಕೂ ಗಟ್ಟಿಯೇ, ಆದರೆ ಕಾಳು ಉಬ್ಬಿಕೊಂಡಿರುವುದರಿಂದ ಕುಟ್ಟಿ ಕೇರಿದಾಗ ಬೇಗ ಬೇರೆಯಾಗುತ್ತದೆ. ಒದ್ದೆ ನೆಲದಲ್ಲಿ ಒತ್ತಾಗಿ ಬೆಳೆಯುವುದರಿಂದ ಒಂದೇ ಕಡೆ ಜಾಸ್ತಿ ಸಿಗುತ್ತದೆ. ತೊಂದರೆ ಒಂದೇ: ತೆನೆಯ ತುದಿ ಬಲಿತು ಉದುರುವಾಗ ಬುಡ ಇನ್ನೂ ಹಸಿರು. ಬೆಳೆ ಊದಲು ಕೊಯ್ಲಿನ ತನಕ ಕಾಳು ಹಿಡಿದಿರುತ್ತದೆ, ಕಾಡಿನದು ಕಾಯುವುದಿಲ್ಲ. ಹಾಗಾಗಿ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಬೆಂದ ಮೇಲೆ ನುಚ್ಚಿನ ಹಾಗೆ ಅರಳುತ್ತದೆ, ಕಹಿ ಇಲ್ಲ. ಈ ರುಚಿಗೆ ಅಷ್ಟು ಓಡಾಟ ಮಾಡಬಹುದು.

ಕಾಡು ರಾಗಿ, ಎಲ್ಯೂಸಿನ್ ಇಂಡಿಕಾ, ನಮ್ಮ ರಾಗಿಯ ಹತ್ತಿರದ ನೆಂಟ. ಇದಕ್ಕೆ ಗಟ್ಟಿ ಹೊಟ್ಟಿಲ್ಲ. ಅಂಗೈಯಲ್ಲಿ ಉಜ್ಜಿ ಊದಿದರೆ ಸಾಕು, ಕಾಗದದಂಥ ಸಿಪ್ಪೆ ಹಾರಿಹೋಗಿ ಸುಕ್ಕು ಸುಕ್ಕಾದ ಕಂದು ಕಾಳು ಉಳಿಯುತ್ತದೆ. ಹುರಿದು ಬೀಸಿದರೆ ಹಿಟ್ಟು ಘಮಘಮ. ಆದರೆ ತುಳಿದು ಗಟ್ಟಿಯಾದ ದಾರಿಬದಿಯಲ್ಲೇ ಇದು ಜಾಸ್ತಿ. ಕಾಳಿನಷ್ಟೇ ದಪ್ಪದ ಮರಳು ಸೇರಿಕೊಂಡಿರುತ್ತದೆ, ಕೇರಿದರೆ ಹೋಗುವುದಿಲ್ಲ. ನೀರಿಗೆ ಹಾಕಿ ಅಲ್ಲಾಡಿಸುತ್ತಾ, ಮೇಲಿನ ಕಾಳನ್ನು ಬಗ್ಗಿಸಿಕೊಂಡು ಮರಳನ್ನು ತಳದಲ್ಲೇ ಬಿಡಬೇಕು.

ಯಾವುದೇ ಆಗಲಿ, ಕಳೆನಾಶಕ ಹೊಡೆದ ಜಾಗದ್ದು ಬೇಡ. ತೆನೆಯಲ್ಲಿ ಕಾಳಿನ ಬದಲು ಕೊಂಬಿನಂಥ ಕಪ್ಪು ಗಟ್ಟಿ ಕಂಡರೆ ಅದು ಎರ್ಗಾಟ್ ಎಂಬ ಶಿಲೀಂಧ್ರ, ವಿಷ. ಕಪ್ಪನ್ನಷ್ಟೇ ಆರಿಸಿ ತೆಗೆದರೆ ಸಾಲದು, ಆ ಜಾಗದ ಕಾಳನ್ನೇ ಬಿಟ್ಟುಬಿಡಿ.