ಏಳೂವರೆಯ ನಾಟಕ ಏಳೂವರೆಗೇ ಶುರುವಾಗುವ ಜಾಗ

ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ನಾಟಕ ನೋಡುವುದಾದರೆ ನನ್ನ ಮತ ಜೆ.ಪಿ. ನಗರದ ರಂಗಶಂಕರಕ್ಕೆ. ಆಷಾಢ ಮುಗಿದ ಮೇಲೆ ಒಂದು ತಿಂಗಳು ಅಮ್ಮನನ್ನು ಕರೆದುಕೊಂಡು ರಂಗಶಂಕರ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧ ಎಲ್ಲ ಸುತ್ತಿದೆ. ನಡುನಡುವೆ ಉಚಿತ ಪ್ರವೇಶದ ಬೇರೆ ಸಭಾಂಗಣಗಳಿಗೂ ಹೋದೆವು. ನಮ್ಮ ಮನೆ ವಿಜಯನಗರದಲ್ಲಿ. ಓಡಾಟ ಮೆಟ್ರೋದಲ್ಲಿ. ಅಮ್ಮನಿಗೆ ಎಪ್ಪತ್ತು ದಾಟಿದೆ, ಊಟ ಮಾಡಿ ಮಾತ್ರೆ ನುಂಗುವ ಹೊತ್ತಿದೆ, ಹಾಗಾಗಿ ಹತ್ತೂವರೆಯೊಳಗೆ ಮನೆ ಸೇರಬೇಕು. ನಾಟಕಕ್ಕೆಂದು ತಿಂಗಳಿಗೆ ಎರಡು ಸಾವಿರ ಎತ್ತಿಡುತ್ತೇನೆ, ಓಡಾಟದ ಖರ್ಚೂ ಅದರಲ್ಲೇ ಆಗಬೇಕು. ನಾನು ಅಳೆದದ್ದು ಈ ಲೆಕ್ಕದಲ್ಲಿ.

ಮೂರು ಕಡೆಯೂ ಒಳ್ಳೆಯ ನಾಟಕ ಸಿಗುತ್ತದೆ. ತಂಡಗಳು ಒಂದು ವಾರ ಇಲ್ಲಿ ಆಡಿದ್ದನ್ನೇ ಮುಂದಿನ ತಿಂಗಳು ಅಲ್ಲಿ ಆಡುತ್ತವೆ. ನಮ್ಮಂಥವರಿಗೆ ವ್ಯತ್ಯಾಸ ಬೀಳುವುದು ಹೊತ್ತಿನಲ್ಲಿ.

ಆ ತಿಂಗಳು ಉಚಿತ ಪ್ರವೇಶದ ಒಂದು ಪ್ರದರ್ಶನಕ್ಕೆ ಹೋದೆವು. ಸಂಘದ ಹೆಸರೂ ಸಭಾಂಗಣದ ಹೆಸರೂ ಇಲ್ಲಿ ಬೇಡ, ಏಕೆಂದರೆ ಅವರೊಬ್ಬರದೇ ರೂಢಿ ಇದಲ್ಲ. ಆಮಂತ್ರಣದಲ್ಲಿ ಸಂಜೆ ಆರೂವರೆ ಎಂದಿತ್ತು. ಆರೂಕಾಲಿಗೇ ಹೋಗಿ ಕೂತೆವು. ಏಳಕ್ಕೆ ದೀಪ ಬೆಳಗಿದರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಆಮೇಲೆ ಸನ್ಮಾನ. ಒಬ್ಬೊಬ್ಬರಿಗೂ ಪೇಟ, ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಒಬ್ಬೊಬ್ಬರ ಪರಿಚಯ ಪತ್ರವನ್ನೂ ಪೂರ್ತಿ ಓದಿದರು. ಸನ್ಮಾನಿತರ ಪರವಾಗಿ ಒಬ್ಬರು ಮಾತಾಡಿದರು, ಮುಖ್ಯ ಅತಿಥಿಗಳು ಮಾತಾಡಿದರು, ಅಧ್ಯಕ್ಷರು ಮಾತಾಡಿದರು. "ನಾಟಕ ಯಾವಾಗ ಕಣೇ?" ಅಂತ ಅಮ್ಮ ಕೇಳುತ್ತಲೇ ಇದ್ದಳು.

ನಮಗೆ ಪಕ್ಕದ ಕುರ್ಚಿಗಳಿಂದ ಸೈಡ್‌ವಿಂಗ್ ಕಾಣುತ್ತಿತ್ತು. ರಾಜನ ವೇಷದ ಹುಡುಗನೊಬ್ಬ ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ನಿಂತಿದ್ದ. ಒಂದು ಸಲ ಕಿರೀಟ ಇಟ್ಟುಕೊಂಡು ಹೊರಗೆ ಇಣುಕಿದ, ಮತ್ತೆ ತೆಗೆದ. ಬೆವರಿಗೆ ಕಿವಿಯ ಹತ್ತಿರ ಬಣ್ಣ ಗೆರೆಗೆರೆಯಾಗಿ ಇಳಿಯುತ್ತಿತ್ತು. ಯಾರೋ ಒಂದು ಕರ್ಚೀಫು ತಂದುಕೊಟ್ಟರು, ಒರೆಸಿದರೆ ಬಣ್ಣ ಹೋಗುತ್ತದೆಂದು ಬರೀ ಒತ್ತಿಕೊಂಡ. ವಾರಗಟ್ಟಲೆ ಆಫೀಸು ಮುಗಿಸಿಕೊಂಡು ಬಂದು ತಾಲೀಮು ಮಾಡಿರುತ್ತಾರೆ ಇಂಥ ಹುಡುಗರು. ರಂಗ ಹತ್ತುವ ಮುಂಚಿನ ಆ ಬಿಗಿ ಅವನ ಮುಖದಿಂದ ಕಣ್ಣೆದುರೇ ಇಳಿದು ಹೋಯಿತು.

ವಂದನಾರ್ಪಣೆ ಮುಗಿದು, ವೇದಿಕೆಯ ಕುರ್ಚಿ ಎತ್ತಿ, ಬ್ಯಾನರ್ ಬಿಚ್ಚಿ, ಸೆಟ್ ಜೋಡಿಸುವ ಹೊತ್ತಿಗೆ ಎಂಟೂಕಾಲು. ಅದಕ್ಕಿಂತ ನೋವಾದದ್ದು ಇನ್ನೊಂದಿದೆ. ಸನ್ಮಾನದ ಫೋಟೊ ಆಗುತ್ತಿದ್ದ ಹಾಗೆ ಸನ್ಮಾನಿತರ ಕಡೆಯವರು ಎದ್ದು ಹೊರಟರು. ಭಾಷಣಕ್ಕೆ ತುಂಬಿದ್ದ ಸಭೆ ನಾಟಕಕ್ಕೆ ಅರ್ಧವೂ ಉಳಿಯಲಿಲ್ಲ. ಒಂಬತ್ತೂಕಾಲಿಗೆ ನಾವೂ ಎದ್ದೆವು, ಬೇರೆ ದಾರಿ ಇರಲಿಲ್ಲ. ಆ ರಾಜನ ಕತೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಂಘದವರ ಕಷ್ಟ ಅರ್ಥವಾಗದ್ದೇನಲ್ಲ. ಟಿಕೆಟ್ಟಿಲ್ಲ ಎಂದಮೇಲೆ ಬಾಡಿಗೆ, ಲೈಟು, ಪ್ರಸಾಧನ, ಉಡುಪಿನ ಖರ್ಚನ್ನು ಯಾರಾದರೂ ಕೊಡಬೇಕು, ಕೊಟ್ಟವರನ್ನು ವೇದಿಕೆಗೆ ಕರೆಯಲೇಬೇಕು. ಆದರೆ ಅದನ್ನು ನಾಟಕ ಮುಗಿದ ಮೇಲೆ ಹತ್ತು ನಿಮಿಷದಲ್ಲಿ ಮಾಡಬಹುದು. ಹಾಗೆ ಮಾಡುವ ತಂಡಗಳಿವೆ. ಕಲಾವಿದರ ಪರಿಚಯದ ಜೊತೆಗೇ ನೆರವಾದವರನ್ನೂ ಕರೆದು ಹೂವು ಕೊಡುತ್ತಾರೆ. ಆಗ ಸಭೆ ತುಂಬಿರುತ್ತದೆ, ಚಪ್ಪಾಳೆಯೂ ಮನಸಾರೆ ಬೀಳುತ್ತದೆ.

ರಂಗಶಂಕರ ನನಗೆ ಹಿಡಿಸುವುದು ಇಲ್ಲೇ. ಶಂಕರ್ ನಾಗ್ ಕಂಡಿದ್ದ ಕನಸನ್ನು ಅವರು 1990ರಲ್ಲಿ ತೀರಿಕೊಂಡ ಮೇಲೆ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟಿನವರು ಹಿಡಿದ ಪಟ್ಟು ಬಿಡದೆ ಕಟ್ಟಿ 2004ರಲ್ಲಿ ಬಾಗಿಲು ತೆರೆದರು. ನಾಟಕಕ್ಕೆಂದೇ ಕಟ್ಟಿದ ರಂಗಮಂದಿರ ಎಂಬುದು ಒಳಗೆ ಕಾಲಿಟ್ಟೊಡನೆ ತಿಳಿಯುತ್ತದೆ. ಏಳೂವರೆಗೆ ಬೆಲ್ ಹೊಡೆಯಿತೋ, ಬಾಗಿಲು ಹಾಕಿದರು. ಆಮೇಲೆ ಯಾರೇ ಬರಲಿ, ಪ್ರವೇಶವಿಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಂದವರಿಗೆ ಇದು ಕಠಿಣ ಅನ್ನಿಸುತ್ತದೆ. ಒಳಗೆ ಕೂತವರಿಗೆ ಮಾತ್ರ ಇದರಿಂದ ಪೂರ್ತಿ ನಾಟಕ ಸಿಗುತ್ತದೆ. ಮೊದಲ ಸಾಲು ಹೇಳುವಾಗ ನಟನ ಎದುರು ಯಾರೂ ಕುರ್ಚಿ ಹುಡುಕುತ್ತಿರುವುದಿಲ್ಲ, ಮೊಬೈಲಿನ ಬೆಳಕು ಮುಖಕ್ಕೆ ಹೊಡೆಯುವುದಿಲ್ಲ.

ವೇದಿಕೆ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿರುವುದರಿಂದ ನಟರು ಕೈಯಳತೆಯಲ್ಲೇ ಇದ್ದಂತೆ. ನಾವು ನೋಡಿದ ಒಂದು ನಾಟಕದಲ್ಲಿ ಅಜ್ಜಿಯ ಪಾತ್ರದವರು ಮಾತಾಡುತ್ತಲೇ ಮೊರದಲ್ಲಿ ಅಕ್ಕಿ ಕೇರಿದರು. ಮೈಕ್ ಇರಲಿಲ್ಲ. ಅಕ್ಕಿ ಮೊರಕ್ಕೆ ಬೀಳುವ ಸದ್ದು ನಮ್ಮ ಸಾಲಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಗನ ಸುದ್ದಿ ಬಂದಾಗ ಆಕೆ ಏನೂ ಹೇಳಲಿಲ್ಲ, ಕೇರುವುದು ಮಾತ್ರ ನಿಂತಿತು. ಅಷ್ಟಕ್ಕೇ ಅಮ್ಮ ನನ್ನ ಕೈ ಹಿಡಿದುಕೊಂಡಳು. ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನವರಿಗೂ ಮಾತು ಕೇಳಿಸಲೆಂದು ಮೈಕ್ ಇಡಲೇಬೇಕಾಗುತ್ತದೆ, ಅಲ್ಲಿ ಇಂಥ ಸಣ್ಣ ಸದ್ದುಗಳು ಉಳಿಯುವುದು ಕಷ್ಟ.

ಬಹುತೇಕ ನಾಟಕಗಳು ಒಂಬತ್ತೂಕಾಲರ ಆಸುಪಾಸಿಗೆ ಮುಗಿಯುತ್ತವೆ. ಹಳದಿ ಮಾರ್ಗದ ಮೆಟ್ರೋ ಬಂದಮೇಲೆ ರಾಗಿಗುಡ್ಡ ನಿಲ್ದಾಣದಿಂದ ಆರ್.ವಿ. ರಸ್ತೆ, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿಂದ ವಿಜಯನಗರ. ಎರಡು ಕಡೆ ಇಳಿದು ಹತ್ತಿದರೂ ಹೊತ್ತಿಗೆ ಮನೆ ಸೇರುತ್ತೇವೆ. ಭಾನುವಾರ ಮಧ್ಯಾಹ್ನ ಮೂರೂವರೆಯ ಆಟ ಇದ್ದರೆ ಇನ್ನೂ ಅನುಕೂಲ, ಅಮ್ಮ ಅದನ್ನೇ ಕಾಯುತ್ತಾಳೆ. ಸೋಮವಾರ ರಜೆ. ಅಲ್ಲಿನ ಕೆಫೆಯ ಸಾಬೂದಾನಿ ವಡೆ ಬಿಸಿಯಿದ್ದಾಗಲೇ ತಿನ್ನಿ. ಇಲ್ಲಿ ಇಂಗ್ಲಿಷ್, ಹಿಂದಿ ಮತ್ತಿತರ ಭಾಷೆಯ ನಾಟಕಗಳೂ ನಡೆಯುತ್ತವೆ, ಆದ್ದರಿಂದ ಬುಕ್ ಮಾಡುವಾಗ ಭಾಷೆ ಯಾವುದೆಂದು ನೋಡಿಕೊಳ್ಳಬೇಕು. ಟಿಕೆಟ್ಟೂ ನಾನು ಹೋದ ಬೇರೆ ಕಡೆಗಳಿಗಿಂತ ತುಸು ಜಾಸ್ತಿಯೇ ಬಿತ್ತು.

ಕೆಂಗಲ್ ಹನುಮಂತಯ್ಯನವರ ಹೆಸರಿನ ಕಲಾಸೌಧ ನನ್ನ ಎರಡನೆಯ ಆಯ್ಕೆ. ಹವ್ಯಾಸಿ ತಂಡಗಳ, ಅದರಲ್ಲೂ ಈಗಷ್ಟೇ ಕಾಲೂರುತ್ತಿರುವ ಹುಡುಗ ಹುಡುಗಿಯರ ಕನ್ನಡ ನಾಟಕ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಗಾಂಧಿ ಬಜಾರ್ ಹತ್ತಿರದಲ್ಲೇ ಇದೆ, ಹೂವು ಹಣ್ಣು ಕೊಂಡು ಹೋಗುವವರಿಗೆ ಒಂದೇ ಓಡಾಟದಲ್ಲಿ ಎರಡು ಕೆಲಸ. ರಾತ್ರಿ ವಾಪಸಿಗೆ ಆಟೋ ಮಾಡಲೇಬೇಕಾಗುತ್ತದೆ, ಟಿಕೆಟ್ಟಿನಲ್ಲಿ ಉಳಿಸಿದ್ದು ಅದಕ್ಕೆ ಸರಿಹೋಗುತ್ತದೆ.

ಕಲಾಕ್ಷೇತ್ರವನ್ನು ಹೀಗೆ ಪಟ್ಟಿಯಲ್ಲಿ ಮೂರನೆಯದಾಗಿ ಬರೆಯಲು ನನಗೆ ಮನಸ್ಸಿಲ್ಲ. ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ಉದ್ಘಾಟನೆಯಾದ ಆ ಕಟ್ಟಡದ ಹಿಂದೆ, ಬಯಲಿನಲ್ಲಿ, 1972ರಲ್ಲಿ ಬಿ.ವಿ. ಕಾರಂತರು ಮೂರು ನಾಟಕ ಆಡಿಸಿದ ಮೇಲೆ ಈ ಊರಿನ ಹವ್ಯಾಸಿ ರಂಗಭೂಮಿಯ ದಿಕ್ಕೇ ಬದಲಾಯಿತು. ಆ ಬಯಲು ರಂಗಮಂದಿರಕ್ಕೆ ನಾಟಕಕಾರ ಸಂಸರ ಹೆಸರಿದೆ. ಕಲ್ಲಿನ ಮೆಟ್ಟಿಲ ಮೇಲೆ ಕೂತು ನಾಟಕ ನೋಡುವ ಸುಖವೇ ಬೇರೆ, ಮಳೆಗಾಲದಲ್ಲಿ ಮಾತ್ರ ನೆಚ್ಚಿಕೊಂಡು ಹೋಗುವಂತಿಲ್ಲ.

ಇನ್ನು ಯಕ್ಷಗಾನದ ಮಾತು ಬಂದರೆ ನಾನು ಕಲಾಕ್ಷೇತ್ರವನ್ನೇ ಹಿಡಿಯುತ್ತೇನೆ, ರಂಗಶಂಕರವನ್ನಲ್ಲ. ಕರಾವಳಿಯಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನಕ್ಕೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಮಳೆಗಾಲದಲ್ಲಿ ಕಲಾವಿದರು ಬೆಂಗಳೂರಿಗೆ ಬಂದು ಆಡುತ್ತಾರೆ. ಶನಿವಾರ ರಾತ್ರಿಯಿಡೀ ನಡೆದ ಒಂದು ಆಟಕ್ಕೆ ಕುಂದಾಪುರದ ಕಡೆಯ ನಮ್ಮ ಮಾವ ಜೊತೆಗಿದ್ದರು. ತೆರೆ ಹಿಡಿದ ಇಬ್ಬರ ನಡುವೆ ಕಿರೀಟದ ತುದಿ ಮಾತ್ರ ಕಾಣುವ ಹಾಗೆ ವೇಷಧಾರಿ ಕುಣಿಯುತ್ತಿದ್ದಾಗ, "ಈಗ ನೋಡು, ಚಂಡೆಯ ಪೆಟ್ಟು ಬದಲಾಗ್ತದೆ" ಅಂದರು ಮಾವ. ಹೇಳಿದ ಹಾಗೇ ಆಯಿತು, ತೆರೆ ಸರಿಯಿತು, ಇಡೀ ಸಭೆ ಎದ್ದು ಕೂತಿತು. ಇಂಥದ್ದಕ್ಕೆ ಆ ಅಗಲವಾದ ವೇದಿಕೆ, ಸಾವಿರ ಜನರ ಉಸಿರು ಎರಡೂ ಬೇಕು. ಬೆಳಗಿನವರೆಗೆ ಕೂರುವುದರಿಂದ ಹತ್ತೂವರೆಯ ಚಿಂತೆಯೂ ಇಲ್ಲ. ಅಮ್ಮನನ್ನು ಮಾತ್ರ ಕರೆದೊಯ್ಯಲಿಲ್ಲ.

ಹೀಗಾಗಿ ಮುಂದಿನ ತಿಂಗಳಿಂದ ನನ್ನ ಏರ್ಪಾಟು ಇಷ್ಟು. ಎರಡು ಸಾವಿರದಲ್ಲಿ ಹೆಚ್ಚಿನ ಪಾಲು ರಂಗಶಂಕರಕ್ಕೆ, ಅದೂ ಭಾನುವಾರದ ಮೂರೂವರೆಯ ಆಟಕ್ಕೆ. ಒಂದು ಶನಿವಾರ ಕಲಾಸೌಧ. ಉಚಿತ ಪ್ರವೇಶದ ನಾಟಕಗಳನ್ನು ಬಿಡುವುದಿಲ್ಲ, ಆದರೆ ಆಮಂತ್ರಣದಲ್ಲಿರುವ ನಂಬರಿಗೆ ಮೊದಲು ಫೋನ್ ಮಾಡಿ ಸಭಾ ಕಾರ್ಯಕ್ರಮ ಇದೆಯೇ, ನಾಟಕ ಶುರುವಾಗುವುದು ಎಷ್ಟು ಹೊತ್ತಿಗೆ ಎಂದು ಕೇಳುತ್ತೇನೆ. ಎಂಟರ ಮೇಲೆ ಅಂದರೆ ಅಮ್ಮನಿಗೆ ಮನೆಯಲ್ಲೇ ಊಟ ಬಡಿಸಿಟ್ಟು ನಾನೊಬ್ಬಳೇ ಹೋಗುತ್ತೇನೆ.