ಸಾಫ್ಟ್‌ವೇರ್ ಮಾಡಿಸುವ ಮುಂಚೆ ಟೇಬಲ್‌ಗಳ ನಕ್ಷೆ ಕೇಳಿ

ಕೋಲ್ಡ್ ಸ್ಟೋರೇಜ್, ಗೋದಾಮು, ಅಡತಿ ಅಂಗಡಿ ನಡೆಸುವವರು ಈ ಸೀಸನ್‌ಗೆ ಹೊಸ ಸಾಫ್ಟ್‌ವೇರ್ ಮಾಡಿಸುತ್ತಿದ್ದರೆ ದಯವಿಟ್ಟು ಇದನ್ನು ಓದಿ. ವಿಜಯಪುರದಲ್ಲಿ ನಮ್ಮದು ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್. ಲೆಕ್ಕ ನೋಡುವುದು ನಾನು. ಒಬ್ಬರಿಂದ ಸಾಫ್ಟ್‌ವೇರ್ ಮಾಡಿಸಿ ಇಡೀ ಸೀಸನ್‌ನ ಲೆಕ್ಕ ಕೆಟ್ಟು ಕೂತಿತು. ಅವರ ಹೆಸರು ಬರೆಯಲ್ಲ. ಹೀಗೇ ಕೆಲಸ ಮಾಡುವವರು ಇನ್ನೂ ಬಹಳ ಜನ ಇದ್ದಾರೆ.

ಬಂದ ದಿನವೇ ಲ್ಯಾಪ್‌ಟಾಪ್ ತೆಗೆದು ಬಣ್ಣಬಣ್ಣದ ಸ್ಕ್ರೀನ್ ತೋರಿಸಿದರು. ನಮ್ಮ ವ್ಯವಹಾರ ಹೇಗೆ ನಡೆಯುತ್ತೆ ಅಂತ ಕೇಳಲೇ ಇಲ್ಲ. ಒಂದೇ ಗಾಡಿಯಲ್ಲಿ ಹಸಿರು, ಹಳದಿ, ಕಪ್ಪು ಮಾಲು ಬೇರೆ ಬೇರೆ ಬರುತ್ತಾ, ರೈತರು ಎಲ್ಲಾ ಒಮ್ಮೆಗೇ ಒಯ್ಯುತ್ತಾರಾ ಅಥವಾ ರೇಟು ನೋಡಿಕೊಂಡು ಸ್ವಲ್ಪ ಸ್ವಲ್ಪ ಬಿಡಿಸುತ್ತಾರಾ, ರಸೀದಿ ಇಟ್ಟು ಬ್ಯಾಂಕಿನಲ್ಲಿ ಸಾಲ ತಗೊಂಡಿದ್ದರೆ ಮಾಲು ಬಿಡಲು ಯಾರ ಒಪ್ಪಿಗೆ ಬೇಕು, ಒಂದೂ ಪ್ರಶ್ನೆ ಇಲ್ಲ. ನಾನೇ ಹೇಳಲು ಹೋದರೆ "ಅದೆಲ್ಲಾ ಆಮೇಲೆ ಸೇರಿಸೋಣ ಸರ್" ಅಂದರು.

ಒಳಗೆ ಇದ್ದದ್ದು ಒಂದೇ ದೊಡ್ಡ ಟೇಬಲ್, ಅಂದರೆ ಮಾಹಿತಿ ಸಾಲು ಸಾಲಾಗಿ ಇಡುವ ಪಟ್ಟಿ. ರೈತರ ಹೆಸರು, ಊರು, ಫೋನ್, ಬಾಕ್ಸ್, ದರ, ಬಾಡಿಗೆ ಎಲ್ಲಾ ಒಂದೇ ಸಾಲಿನಲ್ಲಿ. ಒಬ್ಬ ರೈತ ಐದು ಸಲ ಮಾಲು ತಂದರೆ ಅವನ ಫೋನ್ ನಂಬರ್ ಐದು ಕಡೆ. ನಂಬರ್ ಬದಲಾದರೆ ಒಂದು ಕಡೆ ತಿದ್ದುತ್ತೀರಿ, ಉಳಿದ ನಾಲ್ಕು ಹಳೇದೇ ಇರುತ್ತೆ. ತಪ್ಪಾಗಿ ಹಾಕಿದ ಲಾಟ್ (ಒಂದು ಸಲ ತಂದಿಟ್ಟ ಮಾಲಿನ ಲೆಕ್ಕ) ಅಳಿಸಿದರೆ, ಅವನದು ಅದೊಂದೇ ಲಾಟ್ ಆಗಿದ್ದರೆ, ರೈತನ ವಿವರವೂ ಜೊತೆಗೇ ಹೋಗುತ್ತೆ.

ಇದಕ್ಕಿಂತ ಕೆಟ್ಟದ್ದು, ರೈತರನ್ನು ಗುರುತಿಸಲು ಬರೀ ಹೆಸರು ಮತ್ತು ಊರು ಇಟ್ಟಿದ್ದರು. ನಮ್ಮ ಕಡೆ ಬಸಪ್ಪ ಬಿರಾದಾರ ಅಂತ ಕೂಗಿದರೆ ಒಂದೇ ಊರಲ್ಲಿ ಮೂರು ಜನ ತಿರುಗಿ ನೋಡುತ್ತಾರೆ! ತಿಕೋಟಾ ಕಡೆಯ ಒಬ್ಬ ಅಜ್ಜಾರು ಮಾಲು ಬಿಡಿಸಲು ಬಂದರು. ಕಂಪ್ಯೂಟರ್‌ನಲ್ಲಿ ಅವರ ಬಾಕಿ ಮಾಲು ಸೊನ್ನೆ. ಅದೇ ಹೆಸರಿನ ಇನ್ನೊಬ್ಬರು ಒಯ್ದ ಬಾಕ್ಸ್‌ಗಳು ಇವರ ಲೆಕ್ಕದಿಂದ ಕಳೆದಿದ್ದವು. ಚೇಂಬರ್‌ಗೆ ಕರೆದುಕೊಂಡು ಹೋದರೆ ಇವರ ಗುರುತಿನ 15 ಕಿಲೋ ಬಾಕ್ಸ್‌ಗಳು ಇಟ್ಟಲ್ಲೇ ಇವೆ. "ತಮ್ಮಾ, ಮಾಲು ಒಳಗೈತಿ, ನಿನ್ನ ಕಂಪ್ಯೂಟರ್‌ನ್ಯಾಗ ಯಾಕಿಲ್ಲ?" ಅಂತ ಕೇಳಿದರು. ವರ್ಷದ ದುಡಿಮೆ ಅದು. ಅವರ ಕೈ ನಡುಗುತ್ತಿತ್ತು.

ಬಾಡಿಗೆ ದರವೂ ಹಾಗೇ. ದರ ಇದ್ದದ್ದು ಒಂದೇ ಕಡೆ, ಯಾವ ತಾರೀಖಿನಿಂದ ಅಂತ ಇಲ್ಲ. ಹೊಸ ದರ ಹಾಕಿದ ಕೂಡಲೇ ಹೋದ ವರ್ಷ ಚುಕ್ತಾ ಆದ ಬಿಲ್‌ಗಳೂ ಬದಲಾದವು.

ಇವೆಲ್ಲಾ ಯಾರಿಗೂ ಗೊತ್ತಿಲ್ಲದ ತೊಂದರೆಗಳಲ್ಲ. 1970ರಲ್ಲೇ ಐಬಿಎಂನ ಎಡ್ಗರ್ ಕಾಡ್ ಅವರು ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ರಿಲೇಶನಲ್ ಮಾದರಿ ಬಗ್ಗೆ ಬರೆದರು. ಒಂದೇ ಮಾಹಿತಿ ಹತ್ತು ಕಡೆ ಬೀಳದ ಹಾಗೆ ಟೇಬಲ್ ಒಡೆಯುವ ನಾರ್ಮಲೈಸೇಶನ್ ಕೂಡ ಅವರದೇ. 1976ರಲ್ಲಿ ಪೀಟರ್ ಚೆನ್ ಅವರು ವ್ಯವಹಾರವನ್ನು ಚಿತ್ರ ಬರೆದು ತೋರಿಸುವ ಇ‌ಆರ್ (ಎಂಟಿಟಿ-ರಿಲೇಶನ್‌ಶಿಪ್) ಮಾದರಿ ಕೊಟ್ಟರು. ಕಾಲೇಜಿನಲ್ಲಿ ಇದನ್ನು ಓದಿ ಪಾಸಾದವರೇ ನಮಗೆ ಹೀಗೆ ಮಾಡಿಕೊಟ್ಟರು ಅನ್ನೋದು ನನಗೆ ಇನ್ನೂ ಸಿಟ್ಟು.

ಆಮೇಲೆ ಬಂದವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಹಳೇ ಆವಕ-ಜಾವಕ ಪುಸ್ತಕ ತೆರೆದು, ಹಮಾಲರನ್ನೂ ಮಾತಾಡಿಸಿ, ಹಾಳೆ ಮೇಲೆ ಒಂದೊಂದು ಟೇಬಲ್‌ಗೆ ಒಂದೊಂದು ಚೌಕ ಬರೆದು ನಕ್ಷೆ ಮಾಡಿದರು. ರೈತ, ಲಾಟ್, ಗೇಟ್ ಪಾಸ್, ದರ, ಬಿಲ್. ಪ್ರತಿ ರೈತನಿಗೂ ಬೇರೆ ನಂಬರ್, ಅದೇ ಪ್ರೈಮರಿ ಕೀ, ಅಂದರೆ ಇನ್ನೊಬ್ಬರಿಗೆ ಬಾರದ ಗುರುತು. ಲಾಟ್ ಟೇಬಲ್‌ನಲ್ಲಿ ಆ ನಂಬರ್ ಫಾರಿನ್ ಕೀ, ಅಂದರೆ ರೈತರ ಟೇಬಲ್‌ಗೆ ಕಟ್ಟಿದ ಕೊಂಡಿ, ಹಾಗಾಗಿ ಲಾಟ್ ಇರುವ ತನಕ ರೈತನನ್ನು ಅಳಿಸಲು ಬರಲ್ಲ. ಒಂದು ಗೇಟ್ ಪಾಸ್‌ನಲ್ಲಿ ಹಲವು ಲಾಟ್ ಹೋಗಬಹುದು, ಒಂದು ಲಾಟ್ ಹಲವು ಗೇಟ್ ಪಾಸ್‌ನಲ್ಲಿ ಹೋಗಬಹುದು, ಅದಕ್ಕೆ ಎರಡರ ನಡುವೆ ಇನ್ನೊಂದು ಟೇಬಲ್. ದರಕ್ಕೆ ತಾರೀಖು.

ಮುಂಗಡ ಕೊಡುವ ಮುಂಚೆ ಈ ನಕ್ಷೆ ಕೇಳಿ. ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ. ಡೆಮೊ ತೋರಿಸುವಾಗ ಒಂದೇ ಹೆಸರು, ಒಂದೇ ಊರಿನ ಇಬ್ಬರು ರೈತರನ್ನು ಹಾಕಿಸಿ ಒಬ್ಬರ ಅರ್ಧ ಲಾಟ್ ಬಿಡಿಸಿ ನೋಡಿ. ದರ ಬದಲಿಸಿ ಹಳೇ ಬಿಲ್ ಮತ್ತೆ ತೆಗೆಸಿ. ಡೇಟಾಬೇಸ್ ಪಾಸ್‌ವರ್ಡ್ ಮತ್ತು ಬ್ಯಾಕಪ್ ನಿಮ್ಮ ಕೈಯಲ್ಲೇ ಇರಬೇಕು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ನಮಗೆ ಅವರು ಕೊಡಲಿಲ್ಲ, ಹಳೇ ಲೆಕ್ಕವನ್ನೆಲ್ಲಾ ಪ್ರಿಂಟ್ ತೆಗೆದು, ರಸೀದಿ ಜೊತೆ ತಾಳೆ ನೋಡಿ ಮತ್ತೆ ಟೈಪ್ ಮಾಡಬೇಕಾಯಿತು.