ಡೆಟ್ರಾಯ್ಟ್ ರೆಡ್ ವಿಂಗ್ಸ್: ಫೆಬ್ರವರಿವರೆಗೆ ನಾಲ್ಕು ಸ್ಟಾರ್, ಮಾರ್ಚ್‌ಗೆ ಒಂದೇ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರು ಸ್ಟಾರ್. ಆಟಗಾರರನ್ನು ಮಾತ್ರ ನೋಡಿದರೆ ನಾಲ್ಕು ಕೊಡಬಹುದು, ಅರೀನಾಕ್ಕೂ ನಾಲ್ಕು. ಮಾರ್ಚ್ ತಿಂಗಳಿಗೆ ಒಂದೇ ಒಂದು. ಈ ತಂಡದ ಪ್ಲೇಆಫ್ ಆಸೆ ಮುಗ್ಗರಿಸುವುದು ಆ ತಿಂಗಳಲ್ಲೇ. ಅದು ಸರಿಹೋಗುವವರೆಗೆ ಬಾಕಿ ಎಲ್ಲ ಎಷ್ಟೇ ಚೆನ್ನಾಗಿದ್ದರೂ ಸ್ಟಾರ್ ಜಾಸ್ತಿ ಮಾಡಲು ನನಗೆ ಮನಸ್ಸು ಬರುತ್ತಿಲ್ಲ.

ಹಾಕಿ ಅಂದ ಕೂಡಲೇ ಕೊಡಗು ನೆನಪಾಗುವವರಿಗೆ ಒಂದು ಮಾತು. ಇದು ಐಸ್ ಹಾಕಿ, ಅಮೆರಿಕ ಮತ್ತು ಕೆನಡಾದ ಎನ್‌ಎಚ್‌ಎಲ್ ಲೀಗ್. 32 ತಂಡ, 2025–26ರವರೆಗೆ ತಲಾ 82 ಮ್ಯಾಚ್. ಗೆದ್ದರೆ 2 ಪಾಯಿಂಟ್, ಓವರ್‌ಟೈಮ್‌ನಲ್ಲೋ ಶೂಟೌಟ್‌ನಲ್ಲೋ ಸೋತರೂ 1 ಪಾಯಿಂಟ್. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಆಡಿದ ಮೇಲೆ 16 ತಂಡ ಪ್ಲೇಆಫ್‌ಗೆ ಹೋಗುತ್ತವೆ. ಅಂದರೆ ಅರ್ಧಕ್ಕೆ ಅರ್ಧ ತಂಡಗಳಿಗೆ ಜಾಗ ಉಂಟು. ಆ ಅರ್ಧದಲ್ಲಿ ಡೆಟ್ರಾಯ್ಟ್ ಇಲ್ಲದೆ 2025ಕ್ಕೆ 9 ಸೀಸನ್ ಆಯಿತು. ಕೊನೆಯ ಸಲ ಹೋಗಿದ್ದು 2016ರಲ್ಲಿ. ಟ್ಯಾಂಪಾ ಬೇ ಎದುರು ಮೊದಲ ಸುತ್ತಲ್ಲೇ 4–1ರಲ್ಲಿ ಆಟ ಮುಗಿಯಿತು.

ಇದನ್ನೇ ಬೇರೆ ಯಾವುದೋ ತಂಡದ ಬಗ್ಗೆ ಹೇಳಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಆ 2016ರವರೆಗೆ ಈ ತಂಡ ಸತತ 25 ಸೀಸನ್ ಪ್ಲೇಆಫ್ ಆಡಿದೆ. 1997, 1998, 2002, 2008ರಲ್ಲಿ ಕಪ್ ಎತ್ತಿದೆ. ಲೀಗ್ ಗೆದ್ದವರಿಗೆ ಸಿಗುವ ಈ ಸ್ಟ್ಯಾನ್ಲಿ ಕಪ್ ಒಟ್ಟು 11. ಅಮೆರಿಕದ ಬೇರೆ ಯಾವ ತಂಡದ ಹತ್ತಿರವೂ ಇಷ್ಟಿಲ್ಲ. ನಾನು ಕಾರು ಕಂಪನಿ ಕೆಲಸಕ್ಕೆ ಅಂತ ಮಿಶಿಗನ್‌ಗೆ ಬಂದಾಗ ಇನ್ನೂ ನದಿ ದಡದ ಹಳೇ ಜೋ ಲೂಯಿಸ್ ಅರೀನಾದಲ್ಲೇ ಆಟ. ಆಗ ಆಫೀಸಿನಲ್ಲಿ ಯಾರೂ "ಪ್ಲೇಆಫ್‌ಗೆ ಹೋಗ್ತೀವಾ" ಅಂತ ಕೇಳುತ್ತಲೇ ಇರಲಿಲ್ಲ. "ಮೊದಲ ಸುತ್ತಲ್ಲಿ ಯಾರು ಸಿಗ್ತಾರೆ" ಅನ್ನುವುದೇ ಮಾತು. ಆ ಜನರಿಂದಲೇ ನಾನು ಈ ಆಟ ಕಲಿತದ್ದು.

ಈಗ ಮಾರ್ಚ್ ವಿಷಯಕ್ಕೆ ಬರೋಣ.

2023ರಲ್ಲಿ ಫೆಬ್ರವರಿ ಕೊನೆಯವರೆಗೂ ಆಸೆ ಇತ್ತು. ಒಟ್ಟಾವಾಕ್ಕೆ ಹೋಗಿ ಎರಡು ರಾತ್ರಿ ಎರಡು ಮ್ಯಾಚ್ ಆಡಿದರು. 6–2, 6–1. ಎರಡೂ ಸೋಲು. ಅಷ್ಟಕ್ಕೇ ಮ್ಯಾನೇಜರ್ ಸ್ಟೀವ್ ಐಜರ್‌ಮನ್ ಅಂಗಡಿ ಎತ್ತಿದರು, ಒಳ್ಳೆ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟರು. ಟೈಲರ್ ಬರ್ಟುಝಿ ಬಾಸ್ಟನ್‌ಗೆ, ಫಿಲಿಪ್ ಹ್ರೊನೆಕ್ ವ್ಯಾಂಕೂವರ್‌ಗೆ. ಮಾರ್ಚ್ ಇಡೀ ಸುಮ್ನೆ ಕಳೆಯಿತು.

2024ರದ್ದು ಮಾತ್ರ ನನಗೆ ಇನ್ನೂ ಅರಗಿಲ್ಲ. ಫೆಬ್ರವರಿಯಲ್ಲಿ ಸತತ 6 ಗೆಲುವು. ಅದರಲ್ಲೊಂದು ಶಿಕಾಗೋದಲ್ಲಿ. ಪ್ಯಾಟ್ರಿಕ್ ಕೇನ್ ತಾನು ಮೂರು ಕಪ್ ಗೆದ್ದ ಊರಿಗೆ ನಮ್ಮ ಜರ್ಸಿಯಲ್ಲಿ ಮೊದಲ ಸಲ ಹೋಗಿ ಓವರ್‌ಟೈಮ್‌ನಲ್ಲಿ ಗೋಲು ಹೊಡೆದು ಮ್ಯಾಚ್ ಗೆಲ್ಲಿಸಿದ ರಾತ್ರಿ ಅದು. ಎರಡು ದಿನ ಬಿಟ್ಟು ವಾಷಿಂಗ್ಟನ್ ಎದುರು 8–3. ಈ ವಾಷಿಂಗ್ಟನ್ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಬರುತ್ತದೆ. ಫೆಬ್ರವರಿ 29ರಿಂದ ಸತತ 7 ಸೋಲು. ಕ್ಯಾಪ್ಟನ್ ಡಿಲನ್ ಲಾರ್ಕಿನ್‌ಗೆ ಪೆಟ್ಟಾಗಿತ್ತು, ಒಪ್ಪುತ್ತೇನೆ. ಆದರೆ ಆ 7ರಲ್ಲಿ ಎರಡು ಸೋಲು ಅರಿಜೋನಾ ಎದುರು. ಆ ಸೀಸನ್ ಮುಗಿಯುತ್ತಿದ್ದ ಹಾಗೆ ಊರೇ ಬಿಟ್ಟು ಯೂಟಾಗೆ ಹೋದ ತಂಡ ಅದು. ಒಬ್ಬ ಲಾರ್ಕಿನ್ ಇಲ್ಲ ಅಂತ ಅಂಥ ತಂಡಕ್ಕೂ ಶರಣಾಗುವುದಾದರೆ, ಸಮಸ್ಯೆ ಲಾರ್ಕಿನ್ ಪೆಟ್ಟಿನದಲ್ಲ, ಅಲ್ವಾ?

ಏಪ್ರಿಲ್‌ನಲ್ಲಿ ಮತ್ತೆ ಎದ್ದರು. ಕೊನೆಯ ಎರಡು ಮ್ಯಾಚ್ ಮಾಂಟ್ರಿಯಲ್ ಎದುರು. ಏಪ್ರಿಲ್ 15ಕ್ಕೆ ಡೆಟ್ರಾಯ್ಟ್‌ನಲ್ಲಿ ಓವರ್‌ಟೈಮ್ ಗೆಲುವು, 5–4. ಗೋಲು ಲುಕಾಸ್ ರೇಮಂಡ್‌ದು. ಮರುದಿನ ಮಾಂಟ್ರಿಯಲ್‌ನಲ್ಲಿ ಇನ್ನೇನು ಸೋತೆವು ಅನ್ನುವಾಗ, ಗಡಿಯಾರದಲ್ಲಿ ಕೆಲವೇ ಸೆಕೆಂಡ್ ಉಳಿದಿದ್ದಾಗ ಡೇವಿಡ್ ಪೆರಾನ್ ಸಮ ಮಾಡಿದರು. ಅದೇ ಹೊತ್ತಿಗೆ, ಕೊನೆ ಜಾಗಕ್ಕೆ ನಮ್ಮ ಜೊತೆ ಪೈಪೋಟಿಯಲ್ಲಿದ್ದ ವಾಷಿಂಗ್ಟನ್ ಫಿಲಡೆಲ್ಫಿಯಾದಲ್ಲಿ ಆಡುತ್ತಿತ್ತು, 1–1. ಫಿಲಡೆಲ್ಫಿಯಾದವರು ಗೆಲ್ಲಲೇಬೇಕು ಅಂತ ಗೋಲಿಯನ್ನು (ಗೋಲ್‌ಕೀಪರ್) ಹೊರಗೆ ಕರೆದು ಒಬ್ಬ ಹೆಚ್ಚುವರಿ ಆಟಗಾರನನ್ನು ಇಳಿಸಿದರು. ವಾಷಿಂಗ್ಟನ್‌ನ ಟಿ.ಜೆ. ಓಶೀ ಖಾಲಿ ಬಲೆಗೆ ಪಕ್ (ಈ ಆಟದ ರಬ್ಬರ್ ಬಿಲ್ಲೆ) ಕಳಿಸಿದರು. ನಮ್ಮವರು ಶೂಟೌಟ್‌ನಲ್ಲಿ ಗೆದ್ದರು. ಗೆದ್ದೂ ಹೊರಗೆ. ಎರಡೂ ತಂಡಕ್ಕೆ 91 ಪಾಯಿಂಟ್. ಓವರ್‌ಟೈಮ್‌ಗೆ ಹೋಗದೆ ಗೆದ್ದ ಮ್ಯಾಚ್ ವಾಷಿಂಗ್ಟನ್‌ಗೆ ಜಾಸ್ತಿ ಇದ್ದವು, ಹಾಗಾಗಿ ಅವರು ಒಳಗೆ. ಆ ವಾಷಿಂಗ್ಟನ್ ಸೀಸನ್ ಪೂರ್ತಿ ಹೊಡೆದ ಗೋಲಿಗಿಂತ ತಿಂದ ಗೋಲೇ ಜಾಸ್ತಿ. ಮೊದಲ ಸುತ್ತಲ್ಲಿ ನ್ಯೂಯಾರ್ಕ್ ರೇಂಜರ್ಸ್ ಅವರನ್ನು 4–0 ಅಂತ ಮನೆಗೆ ಕಳಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದರೆ ಇದೇ. ಆ ಏಳು ಸೋಲಿನಲ್ಲಿ ಒಂದೇ ಒಂದು ಮ್ಯಾಚ್ ಓವರ್‌ಟೈಮ್‌ಗೆ ಎಳೆದಿದ್ದರೂ ಸಾಕಿತ್ತು.

2025ರಲ್ಲಿ ಇನ್ನೊಂದು ರೀತಿ ಮೂಗಿಗೆ ತುಪ್ಪ ಸವರಿದರು. ಡೆರೆಕ್ ಲಲೋಂಡ್ ಕೋಚ್ ಆಗಿದ್ದಾಗ ಮೊದಲ 34 ಮ್ಯಾಚ್‌ನಲ್ಲಿ 13 ಗೆಲುವು ಅಷ್ಟೇ. ಕ್ರಿಸ್‌ಮಸ್ ಮರುದಿನ ಅವರನ್ನು ತೆಗೆದು ಟಾಡ್ ಮೆಕ್‌ಲೆಲನ್ ಅವರನ್ನು ತಂದರು. ಅವರ ಎರಡನೇ ಮ್ಯಾಚ್‌ನಿಂದ ಸತತ 7 ಗೆಲುವು, ಆಮೇಲೆ ಇನ್ನೊಂದು ಸಲ ಸತತ 7. ಫೆಬ್ರವರಿಯಲ್ಲಿ ಪ್ಲೇಆಫ್ ಜಾಗದಲ್ಲೇ ಕೂತಿದ್ದೆವು. ಆಮೇಲೆ ಕೊಲಂಬಸ್ ಎದುರು ಬೆನ್ನು ಬೆನ್ನಿಗೆ ಎರಡು ಸೋಲು. ಎರಡನೆಯದು ಮಾರ್ಚ್ 1ಕ್ಕೆ, ಒಹಾಯೋ ಸ್ಟೇಡಿಯಂನಲ್ಲಿ, ಬಯಲಿನಲ್ಲಿ, 94 ಸಾವಿರಕ್ಕೂ ಹೆಚ್ಚು ಜನರ ಮುಂದೆ. ಅಲ್ಲಿಂದ ಜಾರಿದ್ದು ಒಟ್ಟು ಸತತ 6 ಸೋಲಿಗೆ ನಿಂತಿತು. ಕೊನೆಗೆ 86 ಪಾಯಿಂಟ್. ಕೊನೆ ಜಾಗ ಹಿಡಿದ ಮಾಂಟ್ರಿಯಲ್‌ಗೆ 91.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸುವುದು ಇದು: ಅದೃಷ್ಟ ಕೈ ಕೊಟ್ಟಿತು ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ. ಮಾರ್ಚ್‌ನಲ್ಲಿ ಆಟದ ರೀತಿಯೇ ಬದಲಾಗುತ್ತದೆ. ಎದುರಾಳಿಗಳು ಬಿಗಿಯಾಗುತ್ತಾರೆ, ಮಧ್ಯದಲ್ಲಿ ಜಾಗ ಬಿಡುವುದಿಲ್ಲ, 2–1ರ ಮ್ಯಾಚ್‌ಗಳು ಜಾಸ್ತಿ. ಅಂಥ ಮ್ಯಾಚ್ ಗೆಲ್ಲಲು ಬೇಕಾದ್ದು ಎರಡು: ಪೆನಾಲ್ಟಿ ಕಿಲ್ ಮತ್ತು ಗೋಲಿ. ಎರಡರಲ್ಲೂ ನಾವು ಬಡವರು.

ಪೆನಾಲ್ಟಿ ಕಿಲ್ ಅಂದರೆ ನಮ್ಮವನೊಬ್ಬ ಎರಡು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತಾಗ ಉಳಿದ ನಾಲ್ವರು ಎದುರಿನ ಐವರನ್ನು ತಡೆಯುವುದು. ಒಳ್ಳೆ ತಂಡಗಳು ಹತ್ತರಲ್ಲಿ ಎಂಟು ಸಲ ತಡೆಯುತ್ತವೆ. 2024–25ರಲ್ಲಿ ಡೆಟ್ರಾಯ್ಟ್ ತಡೆದದ್ದು ಶೇ. 70ರಷ್ಟು. 32 ತಂಡಗಳಲ್ಲಿ 32ನೇ ಜಾಗ. ಮೇಲಿನ ಸೀಟಿನಲ್ಲಿ ಕೂತರೆ ತಪ್ಪು ಎಲ್ಲಿ ಅಂತ ಬರಿಗಣ್ಣಿಗೆ ಕಾಣುತ್ತದೆ. ಎದುರಾಳಿ ಎಡಗಡೆ ಪಕ್ ಹಿಡಿದು ಕಾಯುತ್ತಾನೆ. ನಮ್ಮ ನಾಲ್ವರೂ ಆ ಕಡೆಗೇ ವಾಲುತ್ತಾರೆ. ಅವನು ನೇರ ಬಲಗಡೆಗೆ ಪಾಸ್ ಕೊಡುತ್ತಾನೆ. ಮಧ್ಯದಲ್ಲಿ ಅಡ್ಡ ಇರಬೇಕಾದ ಸ್ಟಿಕ್ ಒಂದಡಿ ತಡವಾಗಿ ಬರುತ್ತದೆ. ಗೋಲಿ ಮಂಡಿಯೂರಿ ಆ ಕಡೆ ಜಾರುವಷ್ಟರಲ್ಲಿ ಪಕ್ ಬಲೆಯಲ್ಲಿರುತ್ತದೆ. ಇದೇ ಗೋಲು, ಮತ್ತೆ ಮತ್ತೆ, ಬೇರೆ ಬೇರೆ ಊರಿನಲ್ಲಿ. ತಮಾಷೆ ಅಲ್ಲ, ಅದೇ ತಂಡದ ಪವರ್‌ಪ್ಲೇ, ಅಂದರೆ ಎದುರಾಳಿ ನಾಲ್ಕೇ ಜನ ಇರುವಾಗ ನಮ್ಮ ಐವರ ಆಟ, ಆ ಸೀಸನ್ ಲೀಗ್‌ನ ಅತಿ ಒಳ್ಳೆಯವುಗಳಲ್ಲಿ ಒಂದು. ಒಂದು ಕೈಯಲ್ಲಿ ಗಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗಾಯಿತು.

ಆಟಗಾರರ ಬಗ್ಗೆ ನನಗೆ ದೂರಿಲ್ಲ. ಆ ಸೀಸನ್ ರೇಮಂಡ್ 80 ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ಗಳಿಸಿದರು. ಇದೇ ಮಿಶಿಗನ್‌ನ ಹುಡುಗ ಅಲೆಕ್ಸ್ ಡಿಬ್ರಿಂಕ್ಯಾಟ್ 39 ಗೋಲು ಹೊಡೆದರು. ಲಾರ್ಕಿನ್ ಕೂಡ ಇಲ್ಲಿಯವರೇ, ವಾಟರ್‌ಫರ್ಡ್‌ನವರು. 30 ಗೋಲು. ಹೊಸಬ ಮಾರ್ಕೊ ಕ್ಯಾಸ್ಪರ್ 19. ಡಿಫೆನ್ಸ್‌ನಲ್ಲಿ ಮೋರಿಟ್ಜ್ ಸೈಡರ್ ಎದುರಾಳಿಯ ದೊಡ್ಡ ಆಟಗಾರರನ್ನೆಲ್ಲ ಒಬ್ಬರೇ ಹೊರುತ್ತಾರೆ. ಜೊತೆಗೆ ಸೈಮನ್ ಎಡ್ವಿನ್ಸನ್ ಬೆಳೆಯುತ್ತಿದ್ದಾರೆ. ಇವರೆಲ್ಲ ಗಟ್ಟಿ ಕುಳಗಳು. ಇವರ ನಂತರದ ಸಾಲಿನಲ್ಲಿ ಗೋಲು ಹೊಡೆಯುವವರು ಸಾಲದು. ಮೊದಲೆರಡು ಲೈನ್‌ಗೆ (ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು) ಎದುರಾಳಿ ಬೀಗ ಹಾಕಿದರೆ ನಮ್ಮ ಸ್ಕೋರ್ ಅಲ್ಲಿಗೇ ನಿಲ್ಲುತ್ತದೆ.

ಐಜರ್‌ಮನ್ ಬಗ್ಗೆ ಇಲ್ಲಿಯ ಜನ ಮಾತಾಡುವಾಗ ದನಿ ತಗ್ಗಿಸುತ್ತಾರೆ. 20 ವರ್ಷ ಕ್ಯಾಪ್ಟನ್ ಆಗಿದ್ದವರು, ಮೂರು ಕಪ್ ತಂದವರು. 2019ರ ಏಪ್ರಿಲ್‌ನಲ್ಲಿ ಮ್ಯಾನೇಜರ್ ಆಗಿ ಬಂದಾಗ ಊರಿಗೆ ಊರೇ ಸಂಭ್ರಮಪಟ್ಟಿತ್ತು. ಅವರಿಗೆ ಸಿಕ್ಕಿದ್ದು ಹಾಳುಬಿದ್ದ ಮನೆ ಅನ್ನುವುದೂ ನಿಜ. ಮೊದಲ ವರ್ಷ 71 ಮ್ಯಾಚ್‌ನಲ್ಲಿ 17 ಗೆಲುವು. ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅಂತಾರೆ, ಮೊದಲ ಸರದಿಗಳು ಲಾಟರಿಯಲ್ಲಿ ತೀರ್ಮಾನ. ಲೀಗ್‌ನಲ್ಲೇ ಕೊನೆ ಬಂದರೂ ಲಾಟರಿಯಲ್ಲಿ ಸಿಕ್ಕಿದ್ದು 4ನೇ ಆಯ್ಕೆ. ಆ ಆಯ್ಕೆಯಲ್ಲೇ ರೇಮಂಡ್ ಬಂದರು. ಡ್ರಾಫ್ಟ್ ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ. ಆದರೆ 2025ಕ್ಕೆ ಆರು ಸೀಸನ್ ಆದವು. ಒಟ್ಟಾವಾ, ಮಾಂಟ್ರಿಯಲ್ ಎರಡೂ ನಮ್ಮದೇ ಡಿವಿಷನ್ (ಲೀಗ್‌ನೊಳಗಿನ ಗುಂಪು), ಎರಡೂ ನಮ್ಮ ಹಾಗೇ ಕೆಳಗೆ ಬಿದ್ದಿದ್ದವು, ಎರಡೂ 2025ರಲ್ಲಿ ನಮ್ಮನ್ನು ದಾಟಿ ಒಳಗೆ ಹೋದವು. ಆ ಸಲ ಟ್ರೇಡ್ ಡೆಡ್‌ಲೈನ್‌ನಲ್ಲಿ (ತಂಡಗಳ ನಡುವೆ ಆಟಗಾರರ ಅದಲುಬದಲಿಗೆ ಕೊನೆಯ ದಿನ) ತಂಡಕ್ಕೆ ದೊಡ್ಡ ಬಲ ಬರಲಿಲ್ಲ, ಅದು ಬೇಸರ ತಂದಿತು ಅಂತ ಕ್ಯಾಪ್ಟನ್ ಲಾರ್ಕಿನ್ ಅವರೇ ಸೀಸನ್ ಮುಗಿದ ಮೇಲೆ ಬಾಯಿಬಿಟ್ಟು ಹೇಳಿದರು. ಅಭಿಮಾನಿ ಹೇಳಿದರೆ ಬಿಡಬಹುದು. ಕ್ಯಾಪ್ಟನ್ ಹೇಳಿದ ಮೇಲೆ ಕೇಳಿಸಿಕೊಳ್ಳಲೇಬೇಕು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಇದೇ ಲಿಟ್ಲ್ ಸೀಸರ್ಸ್ ಅರೀನಾದಲ್ಲಿ ಬ್ಯಾಸ್ಕೆಟ್‌ಬಾಲ್‌ನ ಪಿಸ್ಟನ್ಸ್ ಕೂಡ ಆಡುತ್ತದೆ. 2023–24ರಲ್ಲಿ ಅವರು ಸತತ 28 ಮ್ಯಾಚ್ ಸೋತು ಇಡೀ ಸೀಸನ್‌ನಲ್ಲಿ 14 ಗೆದ್ದಿದ್ದರು. ಮರುವರ್ಷ 44 ಗೆದ್ದು ಪ್ಲೇಆಫ್ ಆಡಿದರು. ಅಮೆರಿಕನ್ ಫುಟ್‌ಬಾಲ್‌ನ ಲಯನ್ಸ್ ಎದ್ದು ನಿಂತಿತು, ಬೇಸ್‌ಬಾಲ್‌ನ ಟೈಗರ್ಸ್ ಎದ್ದಿತು. ಊರಿನ ನಾಲ್ಕು ತಂಡಗಳಲ್ಲಿ ಕಾಯಿಸುತ್ತಿರುವುದು ನಮ್ಮದೊಂದೇ. ಕಾಯುವುದು ನಮ್ಮವರಿಗೇನು ಹೊಸದಲ್ಲ. ಆರ್‌ಸಿಬಿ 18ನೇ ಸೀಸನ್‌ನಲ್ಲಿ ಕಪ್ ಎತ್ತಿದ್ದನ್ನು 2025ರ ಜೂನ್‌ನಲ್ಲಿ ಇಲ್ಲಿ ಮಿಶಿಗನ್‌ನಲ್ಲಿ ಕೂತು ನೋಡಿದೆವು. ಆದರೆ ಆರ್‌ಸಿಬಿ ನಡುನಡುವೆ ಮೂರು ಫೈನಲ್ ಆದರೂ ತೋರಿಸಿತ್ತು. ಇಲ್ಲಿ ಬಾಗಿಲು ದಾಟಿದ್ದೇ ಇಲ್ಲ.

ಸೇವೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅರೀನಾ 2017ರದ್ದು. ಸೀಟಿನ ಇಳಿಜಾರು ಕಡಿದಾಗಿದೆ, ಹಾಗಾಗಿ ಮೇಲಿನ ಸೀಟಿನಿಂದಲೂ ಆಟ ಚೆನ್ನಾಗಿ ಕಾಣುತ್ತದೆ. ಮಕ್ಕಳ ಜೊತೆ ಹೋಗುವವರು ಆಟಕ್ಕೆ ಮುಂಚಿನ ವಾರ್ಮ್‌ಅಪ್‌ಗೇ ಹೋಗಿ. ಗಾಜಿನ ಹತ್ತಿರ ನಿಂತರೆ ಸ್ಕೇಟ್ ಐಸ್ ಕೆರೆಯುವ ಸದ್ದು ಕೇಳುತ್ತದೆ, ಪಕ್ ಹಲಗೆಗೆ ಬಡಿದಾಗ ಮಕ್ಕಳು ಬೆಚ್ಚಿ ನಗುತ್ತಾರೆ. ಕಾರನ್ನು ವುಡ್‌ವರ್ಡ್ ರಸ್ತೆಯಲ್ಲಿ ಸ್ವಲ್ಪ ದೂರ ನಿಲ್ಲಿಸಿ ಕ್ಯೂಲೈನ್ ಟ್ರಾಮ್ ಹತ್ತಿದರೆ ಪಾರ್ಕಿಂಗ್ ದುಡ್ಡು ಉಳಿಯುತ್ತದೆ, ಟ್ರಾಮ್ ಉಚಿತ. ತಿಂಡಿ ದುಬಾರಿ, ಸಸ್ಯಾಹಾರಿಗಳು ಮನೆಯಲ್ಲೇ ತಿಂದು ಹೊರಡಿ. ಟಿವಿಯಲ್ಲಿ ನೋಡುವುದಂತೂ ತಲೆನೋವು. ಲೋಕಲ್ ಮ್ಯಾಚ್‌ಗೆ ಒಂದು ಚಂದಾ, ದೇಶದ ಚಾನೆಲ್‌ನಲ್ಲಿ ಬರುವ ಮ್ಯಾಚ್‌ಗೆ ಇನ್ನೊಂದು.

ಇನ್ನು ಆಕ್ಟೋಪಸ್. ಪ್ಲೇಆಫ್‌ನಲ್ಲಿ ಇಲ್ಲಿಯ ಜನ ಐಸ್ ಮೇಲೆ ಆಕ್ಟೋಪಸ್ ಎಸೆಯುತ್ತಾರೆ. 1952ರಲ್ಲಿ ಈಸ್ಟರ್ನ್ ಮಾರ್ಕೆಟ್‌ನ ಮೀನು ಅಂಗಡಿಯ ಕುಸಿಮಾನೋ ಸೋದರರು ಶುರು ಮಾಡಿದ್ದು. ಆಗ ಕಪ್ ಗೆಲ್ಲಲು 8 ಗೆಲುವು ಬೇಕಿತ್ತು, ಆಕ್ಟೋಪಸ್‌ಗೆ 8 ತೋಳು. ಆ ಸಲ 8ಕ್ಕೆ 8 ಗೆದ್ದರು. ಈ ಹೊಸ ಅರೀನಾದಲ್ಲಿ 2025ರವರೆಗೆ ಒಂದೇ ಒಂದು ಪ್ಲೇಆಫ್ ಹಾಕಿ ಮ್ಯಾಚ್ ನಡೆದಿಲ್ಲ. ನನ್ನ ಮಗಳು ಹುಟ್ಟಿದ ಮೇಲೆ ಈ ತಂಡ ಪ್ಲೇಆಫ್ ಆಡಿದ್ದನ್ನು ಅವಳು ನೋಡಿಲ್ಲ. ಅವಳ ಕ್ಲಾಸಿನ ಅರ್ಧ ಮಕ್ಕಳೂ ನೋಡಿಲ್ಲ. ನನಗೆ ನಿಜವಾಗಿ ಬೇಜಾರಾಗುವುದು ಇದಕ್ಕೆ.

2025–26ರ ಸೀಸನ್ ತಂಡದ ನೂರನೆಯದು. 1926ರಲ್ಲಿ ಶುರುವಾದ ತಂಡ. ಹಿಂದಿನ ದೊಡ್ಡ ಆಟಗಾರ ಸೆರ್ಗೆಯ್ ಫೆಡರೊವ್ ಅವರ 91ನೇ ನಂಬರ್ ಜರ್ಸಿಯನ್ನು ಗೌರವಕ್ಕಾಗಿ ಚಾವಣಿಗೆ ಏರಿಸುವುದು 2026ರ ಜನವರಿಯಲ್ಲಿ. ಹಬ್ಬದ ವರ್ಷ. ಪ್ಲೇಆಫ್ ಆಸೆ ಇಡಬಹುದಾ ಅಂತ ಕೇಳಿದರೆ, ಇಡಬಹುದು ಅನ್ನುತ್ತೇನೆ, ಕಾರಣ ಇದೆ. ಮೆಕ್‌ಲೆಲನ್ ಕೈಗೆ ಬಂದ ಮೇಲಿನ 48 ಮ್ಯಾಚ್‌ನಲ್ಲಿ 26 ಗೆಲುವು, 56 ಪಾಯಿಂಟ್. ಅದೇ ಓಟದಲ್ಲಿ 82 ಮ್ಯಾಚ್ ಆಡಿದ್ದರೆ 95ರ ಆಸುಪಾಸು, ಅಂದರೆ ಒಳಗೆ. ಅದೂ ಆ ಮಾರ್ಚ್‌ನ ಸೋಲುಗಳನ್ನೆಲ್ಲ ಸೇರಿಸಿ. ಜೊತೆಗೆ 2025ರ ಬೇಸಿಗೆಯಲ್ಲಿ ಅನಾಹೈಮ್‌ನಿಂದ ಗೋಲಿ ಜಾನ್ ಗಿಬ್ಸನ್ ಬಂದರು. ಮೈ ಹುಷಾರಾಗಿದ್ದರೆ 2–1ರ ಮ್ಯಾಚ್ ಗೆಲ್ಲಿಸಿಕೊಡುವ ಗೋಲಿ. ಪೆನಾಲ್ಟಿ ಕಿಲ್ ಶೇ. 70ರಿಂದ 78ಕ್ಕೆ ಬಂದರೂ ಸಾಕು, ಉಳಿದದ್ದನ್ನು ರೇಮಂಡ್, ಲಾರ್ಕಿನ್ ನೋಡಿಕೊಳ್ಳುತ್ತಾರೆ.

ನೋವೈ, ಟ್ರಾಯ್, ಕ್ಯಾಂಟನ್ ಕಡೆಯ ಕನ್ನಡಿಗರು ಹೊಸದಾಗಿ ಈ ತಂಡ ಹಿಡಿಯಬೇಕು ಅಂತಿದ್ದರೆ ಧಾರಾಳವಾಗಿ ಹಿಡಿಯಿರಿ. ನವೆಂಬರ್‌ನಲ್ಲಿ ವಾರದ ನಡುವಿನ ಮ್ಯಾಚ್‌ಗೆ ಟಿಕೆಟ್ ತಗೊಳ್ಳಿ, ಅಗ್ಗ ಬೀಳುತ್ತದೆ. ಕೂತಾಗ ಗೋಲು ನೋಡುವುದಕ್ಕಿಂತ ಮೊದಲು ನಮ್ಮವರು ನಾಲ್ಕೇ ಜನ ಇರುವ ಆ ಎರಡು ನಿಮಿಷ ನೋಡಿ. ಮಧ್ಯದ ಸ್ಟಿಕ್ ಸಮಯಕ್ಕೆ ಸರಿಯಾಗಿ ಅಡ್ಡ ಬಂದರೆ, ಮಾರ್ಚ್ ಟಿಕೆಟನ್ನೂ ಆಗಲೇ ತೆಗೆದಿಟ್ಟುಕೊಳ್ಳಿ.